ಸೋಮವಾರದ ಅಗ್ಗದ ಟಿಕೆಟ್

ಮೂವರು!

ಮುಂದಿನ ಬಾಗಿಲಿಂದ ಒಬ್ಬ ಹತ್ತಿದ. ಹಿಂದಿನ ಬಾಗಿಲಿಂದ ಇನ್ನೊಬ್ಬ. ನಡುವಿನ ಬಾಗಿಲಿಂದ ಕಪ್ಪು ಜಾಕೆಟ್ಟಿನ ಹೆಂಗಸು... ಅವಳ ಕೈಯಲ್ಲಿ ದಂಡ ಹಾಕುವ ಮೆಷಿನ್.

ಬಾಗಿಲು ಮುಚ್ಚಿತು. ಟ್ರಾಮ್ ಹೊರಟಿತು. ಫ್ರಾನ್ಸಿನ ನಾಂತ್ ಊರಿನ ನಟ್ಟನಡುವೆ, ಸೋಮವಾರ ಮಟಮಟ ಮಧ್ಯಾಹ್ನ, ನಾನೂ ನೋರೀನ್ ಟೂಮಿಯೂ ಸಿಕ್ಕಿಬಿದ್ದಿದ್ದೆವು.

"ಯಾರು ಮಗಾ ಇವರು?" ಎಂದಳು ನೋರೀನ್.

"ಟಿಕೆಟ್ ಚೆಕ್ ಮಾಡೋರು."

"ಮಾಡ್ಲಿ ಬಿಡು. ಟ್ರಾಮ್ ಫ್ರೀ ಅಂದ್ಯಲ್ಲ?"

"ಫ್ರೀನೇ..."

ಎದುರಿನ ಗಾಜಿಗೆ ಅಂಟಿಸಿದ್ದ ಕಾಗದವನ್ನು ನಾನು ನೋಡಿದ್ದೇ ಆಗ. ನನಗೆ ಬರುವ ಫ್ರೆಂಚು ಅಷ್ಟಕ್ಕಷ್ಟೇ. ಆದರೆ ವಾರಗಳ ಹೆಸರು ಓದಲು ಅಷ್ಟು ಸಾಕು. ಫ್ರೀ... ಶನಿವಾರ, ಭಾನುವಾರ ಮಾತ್ರ!

ಕಣ್ಣಲ್ಲೇ ಬಾಗಿಲಿನ ದೂರ ಅಳೆದೆ.

ನಾನು ಯಾರೆಂದು ಹೇಳಿಬಿಡುತ್ತೇನೆ, ಕೇಳಿ. ಫಿನ್‌ಬಾರ್ ಕ್ರೌಲಿ. ಐರ್ಲೆಂಡಿನ ಕಾರ್ಕ್ ಊರಿನವನು. ಇಪ್ಪತ್ತು ವರ್ಷ ಪೊಲೀಸ್ ಡಿಟೆಕ್ಟಿವ್ ಆಗಿ ಕಳ್ಳರನ್ನು ಹಿಡಿದೆ. ಈಗ ಊರವರಿಗೆ ಅಗ್ಗದ ವಿಮಾನದ ಟಿಕೆಟ್ ಹಿಡಿದುಕೊಡುತ್ತೇನೆ. ಕಳ್ಳರೇ ವಾಸಿ! ಅವರು ಗಂಟೆಗೊಂದು ರೇಟು ಬದಲಾಯಿಸುವುದಿಲ್ಲ.

ಜನವರಿಯಲ್ಲಿ ನೋರೀನ್ ಪಬ್ಬಿನ ನನ್ನ ಮೂಲೆಗೆ ಬಂದು ಎದುರು ಕೂತಿದ್ದಳು. ನಮ್ಮ ಬೀದಿಯ ಲಾಂಡ್ರಿ ಅವಳದು. ವಯಸ್ಸು ಅರವತ್ತು ದಾಟಿದೆ, ಗಂಡ ತೀರಿಹೋಗಿದ್ದಾನೆ, ನಾಲಿಗೆ ಮಾತ್ರ ಇನ್ನೂ ಹರಿತವಾಗಿದೆ.

"ನಾಂತ್‌ಗೆ ಹೋಗ್ಬೇಕು. ಒಂದು ರಾತ್ರಿ ಸಾಕು. ಜಾಸ್ತಿ ಖರ್ಚಾಗ್ಬಾರ್ದು."

"ಯಾಕೆ ಹೋಗ್ಬೇಕು?"

"ಒಬ್ಬನ್ನ ನೋಡೋಕೆ."

"ನೀವು ಬರೋದು ಅವನಿಗೆ ಗೊತ್ತಾ?"

"ಗೊತ್ತಾಗ್ಲೇಬಾರ್ದು!"

ಅವನ ಹೆಸರು ಗುಲ್ವೆನ್. ನಾಂತ್‌ನಲ್ಲಿ ಪುಟ್ಟ ಊಟದ ಹೋಟೆಲಿಟ್ಟ ಅಡುಗೆಯವನು. ಹೋದ ವರ್ಷ ಅಲ್ಲಿನ ಹಾಡುಗಾರರ ತಂಡದ ಜೊತೆ ಕಾರ್ಕ್‌ಗೆ ಬಂದು ನೋರೀನ್ ಮನೆಯಲ್ಲಿ ಉಳಿದಿದ್ದ. ಹೊರಡುವ ದಿನ ಬಾಗಿಲಲ್ಲೇ ನಿಂತು, ಮದುವೆಯಾಗ್ತೀಯಾ ಎಂದು ಕೇಳಿದ್ದ. ಇವಳು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

"ನನ್ನ ಗಂಡ ನೆಂಟರ ಮುಂದೆ ಅರಳು ಹುರಿದ ಹಾಗೆ ಮಾತಾಡೋನು. ನೆಂಟರು ಹೋದ್ರೋ, ಬಾಯಿಗೆ ಬೀಗ! ಮೂವತ್ತು ವರ್ಷ ನಾನು ಗೋಡೆ ಜೊತೆ ಮಾತಾಡಿದ್ದೀನಿ, ಫಿನ್‌ಬಾರ್. ಇನ್ನೊಂದು ಗೋಡೆ ನಂಗೆ ಬೇಡ. ಹೇಳದೇ ಕೇಳದೇ ಹೋಗಿ ನೋಡ್ತೀನಿ. ಸರಿ ಅನ್ನಿಸಿದ್ರೆ ಹೂಂ ಅಂತೀನಿ. ಇಲ್ಲಾಂದ್ರೆ ಅಲ್ಲಿಗೆ ಮುಗೀತು."

ಪ್ಲಾನ್ ನನ್ನದು. ಶುಕ್ರವಾರದ ಟಿಕೆಟ್ಟು ಮುಟ್ಟಿದರೆ ಕೈ ಸುಡುತ್ತಿತ್ತು. ಫೆಬ್ರವರಿಯ ಸೋಮವಾರದ್ದು ನೀರಿನ ಬೆಲೆ! ಬೆಳಗಿನ ಜಾವದ ಬಸ್ಸಲ್ಲಿ ಡಬ್ಲಿನ್, ಅಲ್ಲಿಂದ ವಿಮಾನ, ಮಂಗಳವಾರ ಬೆಳಿಗ್ಗೆಯೇ ವಾಪಸ್. ವಿಮಾನದವರು ಪೆಟ್ಟಿಗೆಗೆ ಬೇರೆ ಕಾಸು ಕೇಳುತ್ತಾರೆ, ಅದಕ್ಕೇ ಬಟ್ಟೆಯೆಲ್ಲ ಮೈಮೇಲೆಯೇ. ರೂಮು ರೈಲ್ವೆ ಸ್ಟೇಷನ್ ಹಿಂದೆ. ಏರ್‌ಪೋರ್ಟಿನ ಸ್ಪೆಷಲ್ ಬಸ್ಸು ದುಬಾರಿ, ಅದು ಬೇಡ. ಸಿಟಿ ಬಸ್ಸು ಹಿಡಿದು ಆಮೇಲೆ ಟ್ರಾಮ್ ಹತ್ತುವುದು. ನಾಂತ್‌ನಲ್ಲಿ ಅವೆಲ್ಲ ಫ್ರೀ ಎಂದು ಪಬ್ಬಿನಲ್ಲಿ ಒಬ್ಬ ಆಣೆಯಿಟ್ಟು ಹೇಳಿದ್ದ.

ಆ ಪುಣ್ಯಾತ್ಮ ಹೋಗಿಬಂದದ್ದು ಭಾನುವಾರ!

ಕಪ್ಪು ಜಾಕೆಟ್ಟು ನಮ್ಮಿಂದ ಎರಡು ಸೀಟು ದೂರದಲ್ಲಿತ್ತು. ಟ್ರಾಮ್ ನಿಂತಿತು. ಬಾಗಿಲು ತೆರೆಯಿತು.

"ಇಳೀರಿ!"

"ನಮ್ಮ ಸ್ಟಾಪ್ ಮುಂದಿನದು..."

"ಇಳೀರಿ ಅಂದೆ!"

ಧುಮುಕಿದೆವು. ಓಡಿದೆವು. ನಾನೇನೋ ಓಡಿದೆ... ನೋರೀನ್ ಉರುಳಿದಳು ಎನ್ನಬೇಕು. ಮೈಮೇಲೆ ಮೂರು ಸ್ವೆಟರು, ಎರಡು ಕೋಟು! ಹಾಸಿಗೆ ಸುರುಳಿಗೆ ಕಾಲು ಬಂದಂತೆ ಕಾಣುತ್ತಿದ್ದಳು.

"ನಿಲ್ಲಿ, ಮುಸ್ಯೂ!" ಹಿಂದಿನಿಂದ ಕೂಗು; ಫ್ರೆಂಚರ 'ಸ್ವಾಮೀ' ಅದು. ಬೂಟಿನ ಸದ್ದು.

ಎಡಕ್ಕೆ ತಿರುಗಿದೆವು. ಮೀನಂಗಡಿ, ಮುಚ್ಚಿದೆ. ಬಲಕ್ಕೆ ತಿರುಗಿದೆವು. ಬೇಕರಿ, ಅದೂ ಮುಚ್ಚಿದೆ. ನನಗೆ ಏನೋ ಅನುಮಾನ ಶುರುವಾಯಿತು.

"ಅದೇ! ಆ ನೀಲಿ ಬಾಗಿಲೇ! ಫೋಟೋದಲ್ಲಿ ತೋರಿಸಿದ್ದ!" ನೋರೀನ್ ಏದುಸಿರಲ್ಲೇ ಕೈ ತೋರಿಸಿದಳು.

ನೀಲಿ ಬಾಗಿಲಿಗೆ ಕಬ್ಬಿಣದ ಷಟರ್ ಇಳಿದಿತ್ತು. ಎಳೆದು ನೋಡಿದೆ, ಜಗ್ಗಲಿಲ್ಲ.

ನೋರೀನ್ ಮೆಟ್ಟಿಲ ಮೇಲೆ ಕುಸಿದಳು. ಇಷ್ಟು ದೂರ ಬಂದವಳ ಕಣ್ಣು ತುಂಬಿಬಂತು. ನನಗೆ ನಿಜವಾಗಿಯೂ ಸಂಕಟವಾಯಿತು. ನಾಳೆ ಈ ಬಾಗಿಲು ತೆರೆಯುವ ಹೊತ್ತಿಗೆ ನಾವು ಮೋಡದ ಮೇಲಿರುತ್ತೇವೆ!

"ಸಿಕ್ಕಿದ್ರಾ!" ಕಪ್ಪು ಜಾಕೆಟ್ಟು ಬಂದು ನಿಂತಿತು. ಇಂಗ್ಲಿಷ್ ಬಲ್ಲ ಹೆಂಗಸು. "ಟಿಕೆಟ್ ಇಲ್ಲದೆ ಬಂದಿದ್ದಕ್ಕೆ ದಂಡ. ಓಡಿಸಿದ್ದಕ್ಕೆ ನನ್ನ ಶಾಪ." ಅಷ್ಟರಲ್ಲಿ ನೋರೀನ್ ಮುಖ ಕಂಡಿತು. "ಮದಾಂ... ಯಾಕೆ ಅಳ್ತಿದ್ದೀರಾ?"

ನೋರೀನ್ ಎಲ್ಲವನ್ನೂ ಒದರಿಬಿಟ್ಟಳು. ಗಂಡ, ಗೋಡೆ, ಗುಲ್ವೆನ್.

ಆ ಹೆಂಗಸು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಲೆ ಚಚ್ಚಿಕೊಂಡಳು. "ಸೋಮವಾರ ಅರ್ಧ ಊರೇ ಬಾಗಿಲು ಹಾಕಿರುತ್ತೆ! ಎಳೆ ಮಗೂಗೂ ಗೊತ್ತು! ನಿಮ್ಮನ್ನ ಸೋಮವಾರ ಕರ್ಕೊಂಡು ಬಂದ ಬುದ್ಧಿವಂತ ಯಾರು?"

ನೋರೀನ್ ನನ್ನತ್ತ ಬೆರಳು ಮಾಡಿದಳು. ಇಪ್ಪತ್ತು ವರ್ಷ ಬೇರೆಯವರತ್ತ ಬೆರಳು ಮಾಡಿದವನು ನಾನು!

"ಹೋಟೆಲಿನವನು ಮೇಲ್ಗಡೆನೇ ಇರ್ತಾನೋ ಏನೋ," ಎಂದವಳೇ ಆ ಹೆಂಗಸು ಷಟರಿಗೆ ಬೂಟುಗಾಲಲ್ಲಿ ಒದ್ದಳು. ಢಂ! ಢಂ! ಬೀದಿಯೆಲ್ಲ ನಡುಗಿತು.

ಮೇಲಿನ ಕಿಟಕಿ ಧಡಾರನೆ ತೆರೆಯಿತು. ಕೆದರಿದ ಬಿಳಿ ಕೂದಲು. ತೂತು ಬಿದ್ದ ಬನಿಯನ್ನು. ಒಂದು ಕೈಯಲ್ಲಿ ಮೀನಿನ ಡಬ್ಬಿ, ಇನ್ನೊಂದರಲ್ಲಿ ಫೋರ್ಕು. ಫ್ರೆಂಚಿನಲ್ಲಿ ಬೈಗುಳದ ಸುರಿಮಳೆ!

"ಏನಂತಿದ್ದಾನೆ?" ಎಂದು ಕೇಳಿದೆ.

"ಸೋಮವಾರ ಒದೆಯೋ ಕತ್ತೆ ಯಾವ್ದು ಅಂತಿದ್ದಾನೆ. ಮಿಕ್ಕಿದ್ದು ಹೇಳೋ ಹಾಗಿಲ್ಲ."

ನೋರೀನ್ ಎದ್ದು ನಿಂತಳು.

ಬೈಗುಳ ನಿಂತಿತು. ಫೋರ್ಕು ಕೈಜಾರಿ ನನ್ನ ಭುಜದ ಮೇಲೆ ಬಿತ್ತು. ಆಮೇಲೆ ಮೆಟ್ಟಿಲ ಮೇಲೆ ದಡಬಡ ಸದ್ದು, ಷಟರ್ ಮೇಲಕ್ಕೆ... ಅದೇ ಬನಿಯನ್ನಲ್ಲಿ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಗುಲ್ವೆನ್!

"ನೋರೀನ್!" ಎಂದ ತನ್ನ ಹರಕು ಇಂಗ್ಲಿಷಿನಲ್ಲಿ. "ಮನೇಲಿ ಏನೂ ಇಲ್ಲ! ಡಬ್ಬಿ ಮೀನು, ನಿನ್ನೆ ಬ್ರೆಡ್ಡು! ಬಾ ಒಳಗೆ, ಥಂಡಿ ಬರುತ್ತೆ! ಎಷ್ಟು ದಪ್ಪ ಆಗಿದ್ದೀಯಾ!"

"ಕೋಟು ಕಣೋ, ಪೆದ್ದ!"

ಅಡುಗೆಮನೆಯ ಮೇಜಿನಲ್ಲಿ ಕೂರಿಸಿದ. ಮೀನು ಅರ್ಧ ಅವಳಿಗೆ, ಅರ್ಧ ತನಗೆ. ನನಗೆ ಬರೀ ಬ್ರೆಡ್ಡು. ಬಾಯಿ ತುಂಬಿಕೊಂಡೇ ಶುರು ಮಾಡಿದ. ಮಂಡಿ ನೋವು. ಕೈಕೊಟ್ಟ ಒಲೆ. ಹಾಡಿನ ತಂಡದಲ್ಲಿ ಅಪಸ್ವರ ಎಳೆಯುವ ನೆರೆಮನೆಯವನು. "ನೀನೇನಂತೀಯಾ, ನೋರೀನ್? ಒಲೆ ರಿಪೇರಿ ಮಾಡಿಸ್ಲಾ, ಹೊಸದು ತರ್ಲಾ?"

"ಹೊಸದು ತಾ."

"ಯಾಕೆ?"

ಅವಳು ಕಾರಣ ಹೇಳಿದಳು. ಅವನು ಒಪ್ಪಲಿಲ್ಲ. ವಾದಕ್ಕಿಳಿದ. ಅವಳೂ ಬಿಡಲಿಲ್ಲ. ಮೇಜು ಕುಟ್ಟಿ ಕುಟ್ಟಿ ಮಾತಾಡಿದರು! ಸಂಜೆ ಬೆಳಕು ಕಿಟಕಿಯಿಂದ ಇಳಿದುಹೋದರೂ ಇಬ್ಬರ ಬಾಯಿಯೂ ಮುಚ್ಚಲಿಲ್ಲ. ನೋರೀನ್ ಅಷ್ಟು ಖುಷಿಯಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ದಂಡವೇ? ಬಾಗಿಲಲ್ಲೇ ಕಟ್ಟಿಸಿಕೊಂಡೇ ಹೋದಳು ಆ ಹೆಂಗಸು. "ಪ್ರೀತಿ ಬೇರೆ, ಟಿಕೆಟ್ ಬೇರೆ, ಮುಸ್ಯೂ." ಆ ದುಡ್ಡಿಗೆ ಏರ್‌ಪೋರ್ಟಿನ ಸ್ಪೆಷಲ್ ಬಸ್ಸಿನಲ್ಲಿ ವಾರವಿಡೀ ಓಡಾಡಬಹುದಿತ್ತು.

ನಾನು ಎದ್ದು ಕೋಟು ಹಾಕಿಕೊಂಡಾಗ ನೋರೀನ್ ಬಾಗಿಲವರೆಗೆ ಬಂದಳು.

"ಹೂಂ ಅಂದುಬಿಟ್ಟೆ ಕಣೋ, ಮಗಾ."

"ಒಂದೇ ಮಧ್ಯಾಹ್ನದಲ್ಲಾ?"

"ಮುಂಚೆ ಹೇಳಿ ಬಂದಿದ್ರೆ ಸೂಟು ಹಾಕ್ಕೊಂಡು ಬಾತುಕೋಳಿ ಹುರಿದು ಬಡಿಸ್ತಿದ್ದ. ಇವತ್ತು ಅವನ ಹತ್ರ ಏನೂ ಇರ್ಲಿಲ್ಲ. ಆದ್ರೂ ಮಾತಿತ್ತು. ಅಷ್ಟೇ ನಂಗೆ ಬೇಕಾಗಿದ್ದು." ಅವಳು ನನ್ನ ಕಾಲರ್ ಸರಿಮಾಡಿದಳು. "ಮದುವೆ ಇಲ್ಲೇ. ನಮ್ಮ ಬೀದಿಯವರನ್ನೆಲ್ಲ ಕರ್ಕೊಂಡು ಬರೋ ಪ್ಲಾನ್ ನಿಂದು. ನಲವತ್ತು ಜನ."

"ಆಯ್ತು. ಫೆಬ್ರವರಿ ಸೋಮವಾರ ತಾನೇ?"

"ಆಗಸ್ಟು. ಶನಿವಾರ. ಎಲ್ಲರಿಗೂ ಅಗ್ಗದ ಟಿಕೆಟ್ಟೇ ಆಗ್ಬೇಕು!"

ಪೊಲೀಸ್ ಕೆಲಸದಲ್ಲಿ ಚಾಕು ನೋಡಿದ್ದೇನೆ, ಪಿಸ್ತೂಲು ನೋಡಿದ್ದೇನೆ, ರೆಪ್ಪೆ ಮಿಟುಕಿಸಿದವನಲ್ಲ... ಜೀವನದಲ್ಲಿ ಮೊದಲ ಸಲ ನಾನು ಎರಡೂ ಕೈ ಎತ್ತಿ ಶರಣಾದದ್ದು ಆ ಬಾಗಿಲಲ್ಲಿ!