ಮನೆಗಾಡಿಯ ಓಲಾಟ

ಅಕ್ಕನನ್ನು ನೋಡಲು ಅವನು ಆಸ್ಪತ್ರೆಗೆ ಹೋದ ದಿನ ಅವಳ ಮಂಚ ಖಾಲಿ ಇತ್ತು. ಹೊಸ ಹೊದಿಕೆ ಹಾಸಿ, ದಿಂಬು ತಟ್ಟಿ ಇಟ್ಟಿದ್ದರು. ಕಿತ್ತಳೆಯ ಚೀಲ ಹಿಡಿದುಕೊಂಡೇ ಅವನು ನರ್ಸನ್ನು ಕೇಳಿದ. "ಅವರ ಯಜಮಾನರು ಬೆಳಿಗ್ಗೆ ಬಂದು ಕರ್ಕೊಂಡು ಹೋದ್ರಲ್ಲ, ನಿಮಗೆ ಹೇಳಲಿಲ್ವಾ?" ಎಂದಳು ಅವಳು. ಹೇಳಿರಲಿಲ್ಲ. ರೋಗ ಮೂಳೆಗೆ ಇಳಿದು, ಮಗ್ಗುಲು ಬದಲಿಸಿದರೂ ಕಣ್ಣಲ್ಲಿ ನೀರು ಬರುತ್ತಿದ್ದ ಅಕ್ಕನನ್ನು ಭಾವ ಒಳಗೇ ಒಲೆ, ಮಂಚ ಇರುವ ತನ್ನ ಮನೆಗಾಡಿಯಲ್ಲಿ ಮಲಗಿಸಿಕೊಂಡು, ಬೆಟ್ಟ ಇಳಿದು, ಸಮುದ್ರದ ದಂಡೆಗೆ ಹೋಗಿದ್ದ. ಆ ವಾರ ಮುಗಿಯುವುದರೊಳಗೆ ಅದೇ ಗಾಡಿ ಅವಳ ಹೆಣ ಹೊತ್ತುಕೊಂಡು ವಾಪಸು ಬಂತು.

ಮಣ್ಣು ಮಾಡಿ ಬರುವಾಗ ಅವನು ಒಂದೇ ಮಾತು ಕೇಳಿದ್ದ. "ಯಾಕೆ ಭಾವ?" ಭಾವ ನೆಲ ನೋಡುತ್ತಾ, "ಹೋಗಬೇಕು ಅನ್ನಿಸ್ತು, ಹೋದ್ವಿ" ಎಂದಿದ್ದ. ಅಷ್ಟೇ. ಅಳಲೂ ಇಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ತಾಯಿ ತೀರಿಕೊಂಡಾಗ ಎಳೆ ಮಗುವಾಗಿದ್ದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ಅವಳ ಮದುವೆಯ ದಿನ ಅವನು ಊಟ ಬಿಟ್ಟು ಮೂಲೆಯಲ್ಲಿ ಕೂತಿದ್ದಾಗ, ಬಂದು ಪಕ್ಕದಲ್ಲಿ ಕೂತು, "ಇವನನ್ನ ಬಿಟ್ಟು ಬರಲ್ಲ" ಎಂದು ಗಂಡನಿಗೆ ಹೇಳಿ ಜೊತೆಗೇ ಕರೆದುಕೊಂಡು ಹೋದವಳು. ಅಂಥವಳ ಕೊನೆಯ ದಿನಗಳು ಒಬ್ಬ ಮುದುಕನ ತಿರುಗಾಟದ ಹುಚ್ಚಿಗೆ ಬಲಿಯಾದವು. ಹಾಗೆಂದು ಅವನು ತೀರ್ಮಾನಿಸಿದ. ತೀರ್ಮಾನಿಸಿದ ಮೇಲೆ ಅದನ್ನು ಮತ್ತೆ ತೆಗೆದು ನೋಡಲು ಹೋಗಲಿಲ್ಲ.

ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕಮಾನು ಮೇಸ್ತ್ರಿ ಎಂದು. ಲಾರಿ, ಬಸ್ಸುಗಳ ಅಡಿಯಲ್ಲಿ ಗುಂಡಿಯ ಹೊಡೆತ ತಡೆಯುವ ಉಕ್ಕಿನ ಕಮಾನುಪಟ್ಟಿ, ಶಾಕ್ ಅಬ್ಸಾರ್ಬರ್, ಬುಷ್ಷು, ಇವೇ ಅವನ ಕಸುಬು. ಗಾಡಿ ರಸ್ತೆಯ ತಿರುವಿನಿಂದ ಶೆಡ್ಡಿಗೆ ಬರುವಷ್ಟರಲ್ಲಿ, ಅದು ತಲೆ ಆಡಿಸುವ ರೀತಿ ನೋಡಿಯೇ ಯಾವ ಕಡೆ ಏನು ಸತ್ತಿದೆ ಎಂದು ಹೇಳಿಬಿಡುತ್ತಿದ್ದ. ಒಬ್ಬನೇ ದುಡಿಯುತ್ತಿದ್ದ. ಪಕ್ಕದ ಟೈರಿನ ಅಂಗಡಿಯವನೊಬ್ಬನೇ ಮಾತಿಗೆ ಜೊತೆ.

ಭಾವ ಮನೆಗಾಡಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಅಕ್ಕ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಭೂಗೋಳದ ಮೇಷ್ಟ್ರಾಗಿದ್ದವನು. ಜೀವಮಾನವೆಲ್ಲ ಗೋಡೆಯ ಮೇಲಿನ ನಕ್ಷೆಗೆ ಕೋಲು ತೋರಿಸಿ, ನಿವೃತ್ತಿಯಾದ ಮೇಲೆ ಈ ಹಳೆಯ ಗಾಡಿ ಕೊಂಡಿದ್ದ. ಮಿನಿಬಸ್ಸಿನ ಚಾಸಿಯ ಮೇಲೆ ಕಟ್ಟಿದ ಮೋಟರ್‌ಹೋಮ್. ಒಳಗೆ ಒಲೆ, ಮಡಚುವ ಮೇಜು, ನೀರಿನ ಟ್ಯಾಂಕು, ಹಿಂಬದಿಯಲ್ಲಿ ಅಡ್ಡಕ್ಕೆ ಒಂದು ಮಂಚ.

"ಇದರ ಕುಲುಕಾಟ ಕಮ್ಮಿ ಮಾಡಿಕೊಡ್ತೀಯಾ?" ಎಂದ ಭಾವ. "ತಿರುವಲ್ಲಿ ದೋಣಿ ಥರ ಓಲಾಡುತ್ತೆ. ದೊಡ್ಡ ಲಾರಿ ಪಕ್ಕ ಹಾದರೆ ಸ್ಟೇರಿಂಗು ಕೈಯಲ್ಲಿ ನಿಲ್ಲಲ್ಲ. ಗುಂಡಿಗಿಳಿದರೆ ಮಂಚದ ಮೇಲಿದ್ದೋರ ಬೆನ್ನಿಗೇ ಹೊಡೆಯುತ್ತೆ. ನಿಮ್ಮಕ್ಕ ಒಂದೊಂದು ಗುಂಡಿಗೂ ಹಲ್ಲು ಕಚ್ಚಿಕೊಳ್ತಿದ್ದಳು." ಗಾಡಿಯ ಹಿಂಬಾಗಿಲ ಕಡೆ ನೋಡಿ ಸೇರಿಸಿದ, "ಆಗಲೇ ನಿನ್ನ ಹತ್ತಿರ ತರಬೇಕಿತ್ತು."

ಮೇಸ್ತ್ರಿ ಕೈಯ ಗ್ರೀಸು ಒರೆಸಿಕೊಳ್ಳುತ್ತಿದ್ದ. ಒರೆಸುತ್ತಲೇ ಇದ್ದ. "ಈಗ ಎಲ್ಲಿಗೆ ಹೊರಟ್ರಿ?"

"ಅದೇ ದಾರಿ. ಬೆಟ್ಟ ಇಳಿದು ಆ ಕಡೆಗೆ."

"ಒಬ್ಬರೇನಾ?"

"ಹೋಗೋವಾಗ ಒಬ್ಬನೇ."

ಅಕ್ಕ ಹಲ್ಲು ಕಚ್ಚಿಕೊಂಡು ಹೋದ ಗಾಡಿಯನ್ನು ಈಗ ತನ್ನ ಬೆನ್ನಿಗಾಗಿ ಮೆತ್ತಗೆ ಮಾಡಿಸಲು ಬಂದಿದ್ದಾನೆ. ಮೇಸ್ತ್ರಿ ಗ್ರೀಸಿನ ಬಟ್ಟೆಯನ್ನು ಬೆಂಚಿನ ಮೇಲೆ ಎಸೆದ. "ಬಿಟ್ಟು ಹೋಗಿ ಭಾವ. ಹೂವಿನ ಥರ ಮಾಡಿಕೊಡ್ತೀನಿ" ಎಂದ.

ಯೋಚನೆ ಬಂದದ್ದು ಗಾಡಿಯ ಅಡಿಯಲ್ಲಿ ಮಲಗಿದ್ದಾಗ. ಹೊಸ ಕಮಾನುಪಟ್ಟಿ ಕೂರಿಸಿದ ಗಾಡಿ ಸ್ವಲ್ಪ ದೂರ ಓಡಿದ ಮೇಲೆ ಪಟ್ಟಿಗಳು ಒಂದರ ಮೇಲೊಂದು ಕೂತುಕೊಳ್ಳುತ್ತವೆ. ಆಗ ಅವುಗಳ ಕಟ್ಟನ್ನು ಚಕ್ರದ ಆಕ್ಸಲ್‌ಗೆ ಅವುಚಿ ಹಿಡಿದ, ಎರಡು ತುದಿಗೂ ನಟ್ಟಿರುವ ಯು-ಬೋಲ್ಟುಗಳು ಸಡಿಲವಾಗುತ್ತವೆ, ನಟ್ಟುಗಳು ತಿರುಗಿ ಕೆಳಗಿಳಿಯುತ್ತವೆ. ಅದಕ್ಕೇ ಕಸುಬಿನವರೆಲ್ಲ ಗಿರಾಕಿಗೆ ಹೇಳಿ ಕಳಿಸುತ್ತಾರೆ, ಸ್ವಲ್ಪ ಓಡಿಸಿ ಮತ್ತೆ ತನ್ನಿ, ಬಿಗಿ ಮಾಡಿಕೊಡುತ್ತೇವೆ ಎಂದು. ಗಿರಾಕಿಗಳು ಹೂಂ ಎನ್ನುತ್ತಾರೆ, ತರುವುದಿಲ್ಲ. ಭಾವನಂತೂ ಖಂಡಿತ ತರುವವನಲ್ಲ, ಮೂಗಿನ ತುದಿಯ ಕನ್ನಡಕವನ್ನೇ ಮನೆಯಿಡೀ ಹುಡುಕುವ ಆಸಾಮಿ. ಮುಂದಿನ ಒಂದು ಕಡೆಯ ಯು-ಬೋಲ್ಟುಗಳನ್ನು ಸಡಿಲ ಬಿಟ್ಟರೆ, ಸಮತಟ್ಟು ರಸ್ತೆಯಲ್ಲಿ ಗಾಡಿಯ ಭಾರ ಮತ್ತು ಪಟ್ಟಿಗಳ ನಡುವಿನ ಒಂದು ಬೋಲ್ಟು ಎಲ್ಲವನ್ನೂ ಹಿಡಿದಿಟ್ಟಿರುತ್ತದೆ. ಬೆಟ್ಟದ ಇಳಿಜಾರಿನಲ್ಲಿ, ತಿರುವಿನ ಮೇಲೆ ತಿರುವು, ಬ್ರೇಕಿನ ಮೇಲೆ ಬ್ರೇಕು ಬಿದ್ದಾಗ ಆ ಒಂದು ಬೋಲ್ಟು ತಡೆಯುವುದಿಲ್ಲ. ಆಕ್ಸಲ್ ಜಾರುತ್ತದೆ, ಗಾಡಿ ಕಣಿವೆಯ ಕಡೆಗೆ ಎಳೆಯುತ್ತದೆ. ಆಮೇಲೆ ಯಾರು ಬಂದು ನೋಡಿದರೂ ಹೇಳುವುದು ಒಂದೇ ಮಾತು: ಹೊಸ ಪಟ್ಟಿ, ಮತ್ತೆ ಬಿಗಿ ಮಾಡಿಸಿಲ್ಲ, ಓಡಿ ಓಡಿ ಸಡಿಲವಾಗಿದೆ.

ಇದಕ್ಕೆ ಬೇಕಾದದ್ದು ಒಂದೇ, ಉಳಿದ ಕೆಲಸ ಕಣ್ಣಿಗೊತ್ತಿಕೊಳ್ಳುವ ಹಾಗಿರಬೇಕು. ಭಾವನನ್ನು ಕೊಲ್ಲಲು ಹೊರಟವನು ಗಾಡಿಗೆ ಇಷ್ಟು ಜೀವ ತೇಯುತ್ತಾನೆಂದು ಯಾರು ನಂಬುತ್ತಾರೆ?

ಹಾಗಾಗಿ ಅವನು ಜೀವ ತೇಯ್ದ. ಪ್ರತಿ ಚಕ್ರದ ಮೇಲೆ ಎಷ್ಟು ಭಾರ ಕೂತಿದೆಯೆಂದು ಬೇರೆ ಬೇರೆ ತೂಗಿ ನೋಡಿದ. ನೀರಿನ ಟ್ಯಾಂಕು ಹಿಂದಿನ ಚಕ್ರಗಳಿಗಿಂತ ಹಿಂದೆ ಜೋತುಬಿದ್ದು ಗಾಡಿಯ ಮೂತಿಯನ್ನು ಮೇಲಕ್ಕೆತ್ತುತ್ತಿತ್ತು. ಸ್ಟೇರಿಂಗು ಕೈಯಲ್ಲಿ ನಿಲ್ಲದ್ದು ಅದರಿಂದಲೇ. ಟ್ಯಾಂಕನ್ನು ಬಿಚ್ಚಿ ಮುಂದಕ್ಕೆ ತಂದ. ಮಾಡಿನ ಮೇಲೆ ಕಟ್ಟಿದ್ದ ಭಾರದ ಪೆಟ್ಟಿಗೆಯನ್ನು ಕೆಳಕ್ಕಿಳಿಸಿದ. ಚಪ್ಪಟೆಯಾಗಿ ಹೋಗಿದ್ದ ದಪ್ಪ ಪಟ್ಟಿಗಳನ್ನು ಕಿತ್ತು, ಉದ್ದನೆಯ ತೆಳು ಪಟ್ಟಿಗಳ ಹೊಸ ಕಟ್ಟು ಕೂರಿಸಿದ. ಸತ್ತ ಶಾಕ್ ಅಬ್ಸಾರ್ಬರುಗಳು ಕಸಕ್ಕೆ ಹೋದವು. ಓಲಾಟ ತಡೆಯುವ ಅಡ್ಡ ಸರಳು ತೆಳ್ಳಗಿತ್ತು, ದಪ್ಪದ್ದು ಹಾಕಿ ಹೊಸ ಬುಷ್ಷು ಒತ್ತಿದ. ಕಲ್ಲಿನಂತೆ ಗಾಳಿ ತುಂಬಿಸಿಕೊಂಡಿದ್ದ ಟೈರುಗಳಿಂದ ತೂಕಕ್ಕೆ ತಕ್ಕಷ್ಟು ಬಿಟ್ಟು ಉಳಿದದ್ದನ್ನು ಹೊರಹಾಕಿದ. ಟೈರಿನ ಅಂಗಡಿಯವನು ಬಗ್ಗಿ ನೋಡಿ, "ನಿನ್ನ ಮಗಳ ಮದುವೆಗೂ ಇಷ್ಟು ಓಡಾಡಲ್ಲ ಬಿಡು ನೀನು" ಎಂದ. ಮೇಸ್ತ್ರಿಗೆ ಮಗಳಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಇಬ್ಬರೂ ನಕ್ಕರು.

ಟ್ರಯಲ್‌ಗೆ ಭಾವ ಬಂದ. ಮೇಸ್ತ್ರಿ ಓಡಿಸುತ್ತೇನೆಂದಾಗ ಅವನು ಪಕ್ಕದ ಸೀಟಿನಲ್ಲಿ ಕೂರದೆ ಹಿಂದೆ ಹೋಗಿ ಮಂಚದ ಮೇಲೆ ಮಲಗಿದ. ಊರ ಹೊರಗಿನ ಕೆಟ್ಟ ರಸ್ತೆಯಲ್ಲಿ ಗುಂಡಿಗಳನ್ನು ಹುಡುಕಿ ಹುಡುಕಿ ಇಳಿಸಿದ ಮೇಸ್ತ್ರಿ. ಗಾಡಿ ಮೆಲ್ಲಗೆ ಇಳಿದು ಮೆಲ್ಲಗೆ ಎದ್ದಿತು, ಮಲಗಿದ ಹಸು ಉಸಿರಾಡಿದಂತೆ. ತಿರುವಿನಲ್ಲಿ ವಾಲಲಿಲ್ಲ. ಬರಲಿರುವುದನ್ನೆಲ್ಲ ಮರೆತು ಒಂದು ಗಳಿಗೆ ಅವನ ಎದೆ ತುಂಬಿತು. ಇಷ್ಟು ಚೆನ್ನಾದ ಕೆಲಸ ಅವನು ಹಿಂದೆಂದೂ ಮಾಡಿರಲಿಲ್ಲ. ಶೆಡ್ಡಿಗೆ ಬಂದು ಹಿಂದಿನ ಬಾಗಿಲು ತೆಗೆದರೆ ಭಾವ ಇನ್ನೂ ಮಲಗಿಯೇ ಇದ್ದ, ಕಣ್ಣು ಒದ್ದೆಯಾಗಿತ್ತು.

"ಇದರಲ್ಲಿ ನೋವಾಗಲ್ಲ" ಎಂದ ಭಾವ. "ನಿಜವಾಗ್ಲೂ ಆಗಲ್ಲ."

ತನ್ನ ಸುಖಕ್ಕೆ ಕಣ್ಣೀರು ಬೇರೆ, ಎಂದುಕೊಂಡ ಮೇಸ್ತ್ರಿ.

ಮಧ್ಯಾಹ್ನ ಭಾವ ಊಟಕ್ಕೆ ಹೋದ. ಟೈರಿನ ಅಂಗಡಿಯವನೂ ಬಾಗಿಲು ಎಳೆದುಕೊಂಡು ಹೋದ. ಮೇಸ್ತ್ರಿ ಯಾವಾಗಲೂ ಟ್ರಯಲ್ ಮುಗಿದ ಮೇಲೆ ಮಾಡುವಂತೆ ಗಾಡಿಯ ಅಡಿಗೆ ತೂರಿದ. ಎಲ್ಲ ನಟ್ಟುಗಳ ಬಿಗಿ ಒಂದೊಂದಾಗಿ ನೋಡುತ್ತಾ ಬಂದವನು ಇಳಿಯುವಾಗ ಕಣಿವೆ ಸಿಗುವ ಕಡೆಯ ಮುಂದಿನ ಚಕ್ರದ ಹತ್ತಿರ ನಿಂತ. ಸ್ಪ್ಯಾನರನ್ನು ಅತ್ತ ತಿರುಗಿಸುವ ಬದಲು ಇತ್ತ ತಿರುಗಿಸಿದ. ಖಾಲಿ ಮಂಚ, ತಟ್ಟಿ ಇಟ್ಟ ದಿಂಬು ಅವನ ಕಣ್ಣ ಮುಂದಿದ್ದವು. ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತು. ಹೊರಗೆ ಬಂದು ಮುಖ ತೊಳೆದ.

ಭಾವ ಹೊರಡುವಾಗ ಟೈರಿನ ಅಂಗಡಿಯವನು ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ. "ಭಾವ, ಬೆಟ್ಟ ಇಳಿಯೋ ಮುಂಚೆ ಇಲ್ಲೇ ಸುತ್ತಮುತ್ತ ಓಡಿಸಿ, ಒಂದ್ಸಲ ತಂದು ಬೋಲ್ಟು ಬಿಗಿ ಮಾಡಿಸ್ಕೊಂಡು ಹೋಗಿ. ಮರೀಬೇಡಿ."

"ಮೊದಲೇ ತಡವಾಗಿದೆ. ಬಂದ ಮೇಲೆ ನೋಡೋಣ" ಎಂದ ಭಾವ. ಆಮೇಲೆ, ಎಂದೂ ಇಲ್ಲದ್ದು, ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟ. "ನಿಮ್ಮಕ್ಕ ಇದ್ದಿದ್ರೆ ಹೆಮ್ಮೆ ಪಡ್ತಿದ್ದಳು." ಮೇಸ್ತ್ರಿ ಹೆಗಲು ಕೊಡವಲಿಲ್ಲ. ಅವನ ನೋಟ ರಸ್ತೆಯ ಕಡೆಗಿತ್ತು.

ಸುದ್ದಿ ಸಂಜೆಯೊಳಗೆ ಬಂತು. ಎಲ್ಲವೂ ಅವನು ಮಲಗಿ ಯೋಚಿಸಿದ ಹಾಗೆಯೇ ಆಗಿತ್ತು. ಇಳಿಜಾರಿನ ನಡುವಿನ ಕಡಿದಾದ ತಿರುವಿನಲ್ಲಿ ಗಾಡಿ ತಡೆಗೋಡೆ ದಾಟಿ ಕೆಳಕ್ಕೆ ಹೋಗಿತ್ತು. ಭಾವನ ಜೀವ ಅಲ್ಲೇ ಹೋಗಿತ್ತು. ಮಣ್ಣಿಗೆ ಹೊರುವಾಗ ಮೇಸ್ತ್ರಿಯೂ ಹೆಗಲು ಕೊಟ್ಟ. ತೃಪ್ತಿ ಬರುತ್ತದೆಂದು ಕಾದ. ಬರಲಿಲ್ಲ. ಹಸಿವು ಮಾತ್ರ ಹೋಯಿತು.

ಅಕ್ಕನ ಮಗಳು ಬೇರೆ ಊರಿನಿಂದ ಬಂದಿದ್ದಳು. ಜನ ಹೋದ ಮೇಲೆ ಅಪ್ಪನ ಬಟ್ಟೆ ಮಡಚುತ್ತಾ, ಅವನ ಮುಖ ನೋಡದೆ ಮಾತಾಡಿದಳು.

"ಮಾವ, ಆ ಕೆಳಗಿನ ಊರಿನ ಅಜ್ಜಿಗೆ ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಅಪ್ಪನ್ನೇ ಕಾಯ್ತಾ ಕೂತಿದ್ರಂತೆ."

"ಯಾವ ಅಜ್ಜಿ?"

"ಆಸ್ಪತ್ರೇಲಿ ಅಮ್ಮನ ಪಕ್ಕದ ಮಂಚದವರು. ಅವರದ್ದೂ ಇದೇ ಕಾಯಿಲೆ. ಬೆಟ್ಟ ಹತ್ತಿ ಬರೋವಾಗ ಕುಲುಕಾಟ ತಡೆಯೋಕಾಗಲ್ಲ ಅಂತ ಚಿಕಿತ್ಸೇನೇ ಬಿಟ್ಟುಬಿಟ್ಟಿದ್ರು. ಅಂಥವರನ್ನೆಲ್ಲ ಮಲಗಿಸಿಕೊಂಡು ಕರ್ಕೊಂಡು ಬರ್ತೀನಿ ಅಂತ ಅಪ್ಪ. ಅದಕ್ಕೇ ಗಾಡಿ ನಿಮ್ಮ ಹತ್ರ ತಂದಿದ್ದು." ಅವಳು ಒಂದು ಅಂಗಿಯನ್ನು ಮಡಚಿ ಮತ್ತೆ ಬಿಚ್ಚಿದಳು. "ಅಮ್ಮನ ಮಾತು ಈಗ ಹೇಳಬಹುದು ಅಂದ್ಕೋತೀನಿ. ಸಮುದ್ರಕ್ಕೆ ಹೋಗಬೇಕು ಅಂತ ಹಠ ಹಿಡಿದದ್ದು ಅಮ್ಮಾನೇ. ಇನ್ನು ಏನೂ ಮಾಡೋಕಾಗಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ರು. ಈ ಆಸ್ಪತ್ರೆ ಸೂರು ನೋಡ್ತಾ ಸಾಯಲ್ಲ ಅಂದ್ಲು. ನನ್ನ ತಮ್ಮನಿಗೆ ಹೇಳಬೇಡಿ, ಅವನು ಬಾಗಿಲಿಗೆ ಅಡ್ಡ ನಿಲ್ತಾನೆ, ಅವನ ಮುಖ ನೋಡಿದ್ರೆ ನನಗೆ ಹೋಗೋಕಾಗಲ್ಲ ಅಂತ. ಆಮೇಲೂ ಹೇಳಬೇಡಿ, ಅಕ್ಕ ನನ್ನ ಬಿಟ್ಟು ಹೋದ್ಲು ಅಂದ್ಕೋತಾನೆ ಅಂತ ಅಪ್ಪನ ಹತ್ರ ಮಾತು ತಗೊಂಡಿದ್ಲು. ಅಪ್ಪ ಉಳಿಸಿಕೊಂಡ್ರು."

ಮೇಸ್ತ್ರಿ ಬಾಯಿ ತೆರೆದ. ಹೇಳಿಬಿಡಬೇಕು ಎಂದುಕೊಂಡ. ಆದರೆ ಈ ಹುಡುಗಿಗೆ ಇನ್ನು ತನ್ನವರು ಎಂದು ಉಳಿದಿರುವುದು ತಾನೊಬ್ಬನೇ ಎನ್ನುವುದು ಹೊಳೆಯಿತು. ಹೊಳೆದದ್ದೇ ನೆಪವಾಯಿತು. "ನೀರು ಕುಡಿತೀಯೇನಮ್ಮ?" ಎಂದು ಎದ್ದು ಒಳಗೆ ಹೋಗಿ, ಅಡುಗೆಮನೆಯ ನಲ್ಲಿ ತಿರುಗಿಸಿ ಬಿಟ್ಟು, ಆ ಸದ್ದಿನಲ್ಲಿ ಅತ್ತ.

ಪೊಲೀಸ್ ಅಧಿಕಾರಿ ಬಂದದ್ದು ಶೆಡ್ಡು ಮತ್ತೆ ತೆರೆದ ಮೇಲೆ. ಜೊತೆಗೆ ಗಾಡಿಗಳ ತಪಾಸಣೆ ಮಾಡುವ ವಯಸ್ಸಾದ ಇನ್ಸ್‌ಪೆಕ್ಟರ್ ಇದ್ದರು. ಮೇಸ್ತ್ರಿಗೆ ಸುಳ್ಳು ಹೇಳುವ ಮನಸ್ಸಿರಲಿಲ್ಲ, ಆದರೆ ನಾಲಿಗೆ ಪಾಠ ಒಪ್ಪಿಸಿದಂತೆ ಒಪ್ಪಿಸಿತು. ಹೊಸ ಪಟ್ಟಿ ಸಾರ್, ಓಡಿದ ಮೇಲೆ ನಟ್ಟು ತಿರುಗಿ ಸಡಿಲ ಆಗ್ತವೆ, ಮತ್ತೆ ತನ್ನಿ ಅಂತ ಬಡಕೊಂಡೆ. ಟೈರಿನ ಅಂಗಡಿಯವನು ಕರೆಯದೆಯೇ ಬಂದು, "ಹೌದು ಸಾರ್, ನನ್ನ ಕಿವಿಯಾರೆ ಕೇಳಿದ್ದೀನಿ. ಇವನು ಆ ಗಾಡಿಗೆ ಪಟ್ಟ ಪಾಡು ನೋಡಬೇಕಿತ್ತು ನೀವು" ಎಂದ. ಅಧಿಕಾರಿ ತಲೆಯಾಡಿಸಿದರು. ಹೊರಡುವವರಂತೆ ಎದ್ದೂ ನಿಂತರು.

ಇನ್ಸ್‌ಪೆಕ್ಟರ್ ಮಾತ್ರ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಯು-ಬೋಲ್ಟು ತೆಗೆದು ಬೆಂಚಿನ ಮೇಲಿಟ್ಟರು. ನಟ್ಟುಗಳು ಅದರ ಮೇಲೇ ಇದ್ದವು, ಬಿಗಿಯಾಗಿ ಕೂರಬೇಕಾದ ಜಾಗಕ್ಕಿಂತ ಬಹಳ ಕೆಳಗೆ, ಸಡಿಲವಾಗಿ. ಪ್ರತಿ ನಟ್ಟಿನ ಮೇಲಿಂದ ಬೋಲ್ಟಿನ ತುದಿಯವರೆಗೆ ಹಳದಿ ಬಣ್ಣದ ಒಂದು ಸಣ್ಣ ಗೆರೆ ಹರಿದಿತ್ತು. "ಇದು ನಿಮ್ಮ ಕೈಯದ್ದೇನಾ?" ಎಂದು ಕೇಳಿದರು. ಮೇಸ್ತ್ರಿಗೆ ಆ ಗೆರೆ ಎಳೆದ ನೆನಪೇ ಇರಲಿಲ್ಲ, ಆದರೆ ಗೆರೆ ಅವನದೇ. ಕಸುಬು ಕಲಿತಂದಿನಿಂದ ಕೊನೆಯ ತಪಾಸಣೆ ಮುಗಿಸಿದ ಒಂದು ನಟ್ಟನ್ನೂ ಅವನು ಗೆರೆಯಿಲ್ಲದೆ ಬಿಟ್ಟವನಲ್ಲ. "ನಂದೇ ಸಾರ್" ಎಂದ. "ಬೋಲ್ಟಿಗೂ ನಟ್ಟಿಗೂ ಸೇರಿಸಿ ಎಳೀತೀವಿ. ನಟ್ಟು ತಾನಾಗಿ ತಿರುಗಿದ್ರೆ ಗೆರೆ ಮುರಿಯುತ್ತೆ, ತಕ್ಷಣ ಗೊತ್ತಾಗುತ್ತೆ." ಹೇಳಿ ಮುಗಿಸುವಾಗ ಅವನ ಕಣ್ಣು ಬೆಂಚಿನ ಕಡೆ ಹೋಯಿತು. ಮುದುಕರು ಬೋಲ್ಟನ್ನು ಮೆಲ್ಲಗೆ ಬೆಳಕಿಗೆ ತಿರುಗಿಸಿದರು. ಎರಡೂ ನಟ್ಟುಗಳ ಮೇಲೆ ಹಳದಿ ಗೆರೆ ಎಲ್ಲಿಯೂ ಕಡಿಯದೆ, ಕೂದಲೆಳೆಯಷ್ಟೂ ಸರಿಯದೆ, ನೇರವಾಗಿತ್ತು.