ಹೇಳಿದ್ದನ್ನೇ ಹೇಳುವ ಲ್ಯಾಪ್‌ಟಾಪ್

ಪ್ರೇಕ್ಷಾ ಎಂಟರ್ ಒತ್ತಿದಳು. ಕಪ್ಪು ಪರದೆಯ ಮೇಲೆ ಒಂದು ಹಳದಿ ಸಾಲು ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೋಡುತ್ತಿದ್ದಂತೆ ಪರದೆ ಪೂರ್ತಿ ಹಳದಿಯಾಗಿ ಸಾಲುಗಳು ಸರಸರ ಮೇಲೇರತೊಡಗಿದವು. ಕೊನೆಗೆ ‘ಇನ್‌ಸ್ಟಾಲ್ ಆಗಲಿಲ್ಲ’ ಎಂದು ಕೆಂಪು ಅಕ್ಷರ ಮೂಡಿ ಎಲ್ಲವೂ ನಿಂತಿತು.

ಅವಳು ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು.

ಅದು ಪಪ್ಪನ ಲ್ಯಾಪ್‌ಟಾಪ್. ಸಾನಪಾಡಾದಲ್ಲಿದ್ದ ಅವರ ಹೋಟೆಲಿನ ಲೆಕ್ಕವೆಲ್ಲ ಅದರಲ್ಲೇ ಇತ್ತು. ಸೋಮವಾರ ಶಾಲೆಯಲ್ಲಿ ಕಂಪ್ಯೂಟರ್ ಪ್ರದರ್ಶನವೆಂದು ಎರಡು ದಿನದ ಮಟ್ಟಿಗೆ ಮಗಳ ಕೈಗೆ ಕೊಟ್ಟಿದ್ದರು.

ಆರನೇ ಕ್ಲಾಸಿನ ಪ್ರೇಕ್ಷಾ ಒಂದು ಟ್ರೈನ್ ಆಟ ತಯಾರಿಸುತ್ತಿದ್ದಳು. ಪರದೆಯಲ್ಲಿ ಒಂದು ಸ್ಟೇಷನ್ನಿನ ಚಿತ್ರ ಬರುತ್ತದೆ. ಮುಂದಿನ ಸ್ಟೇಷನ್ ಯಾವುದೆಂದು ಹೇಳಬೇಕು. ಸರಿಯಾಗಿ ಹೇಳಿದರೆ, ‘ಮುಂದಿನ ನಿಲ್ದಾಣ ತುರ್ಭೆ’ ಎಂದು ಅವಳದೇ ದನಿ ಕನ್ನಡದಲ್ಲಿ ಕೇಳಿಸಬೇಕು. ಚಿತ್ರಕ್ಕೆ, ದನಿಗೆ ಕೆಲವು ಪ್ಯಾಕೇಜುಗಳು, ಅಂದರೆ ಯಾರೋ ಮೊದಲೇ ಬರೆದಿಟ್ಟ ಸಣ್ಣ ಪ್ರೋಗ್ರಾಮುಗಳು ಬೇಕಿದ್ದವು. ಅವನ್ನು ಹಾಕಲು ಹೋಗಿಯೇ ಈ ಫಜೀತಿ.

ಅಡುಗೆಮನೆಯಲ್ಲಿ ಅಮ್ಮ ಮೀನು ಹುರಿಯುತ್ತಿದ್ದರು. ಊಟಕ್ಕೆಂದು ಬೇಲಾಪುರದಿಂದ ಬಂದಿದ್ದ ಮೋಹಿನಿ ಅತ್ತೆ ನೀರಿನ ಲೋಟ ಹಿಡಿದು ಹೊರಗೆ ಬಂದರು.

“ಎಂತ ಪ್ರೇಕ್ಷಾ, ಮುಖ ಸಣ್ಣ ಮಾಡಿ ಕೂತಿದ್ದೀ?”

“ಅತ್ತೆ, ಲ್ಯಾಪ್‌ಟಾಪ್ ಖರಾಬ್ ಆಯ್ತು. ಪಪ್ಪಂಗೆ ಹೇಳ್ಬೇಡಿ, ಪ್ಲೀಸ್.”

“ತೋರಿಸು ನೋಡುವ.”

ಅತ್ತೆ ಲ್ಯಾಪ್‌ಟಾಪ್ ತೆರೆದು ಹಳದಿ ಸಾಲುಗಳನ್ನು ನೋಡಿದರು. ಯಾಕೋ ಅವರ ಮುಖವೂ ಸಣ್ಣದಾಯಿತು.

“ಇದು ನಮ್ಮದೇ ಸಾಫ್ಟ್‌ವೇರ್ ಮಾರಾಯ್ತಿ. ಪ್ಯಾಕೇಜ್ ಮ್ಯಾನೇಜರ್ ಅಂತ. ನೀನು ಕೇಳಿದ ಪ್ಯಾಕೇಜನ್ನು ಇಂಟರ್ನೆಟ್ಟಿನಿಂದ ಹುಡುಕಿ ತಂದು ಹಾಕುವುದು ಇದೇ. ನಾನಿರುವುದು ಇದನ್ನು ಮಾಡುವ ಟೀಮಿನಲ್ಲಿ. ಇದು ಎಂತ ಹೇಳ್ತದೆ ಅಂತ ಓದಿದ್ಯಾ?”

“ಇಷ್ಟೆಲ್ಲ ಯಾರು ಓದ್ತಾರೆ ಅತ್ತೆ?”

“ಒಂದು ಸಾಲು ಓದು.”

ಪ್ರೇಕ್ಷಾ ಬೆರಳಿಟ್ಟು ಓದಿದಳು. ಅಕ್ಷರ ತೋರಿಸುವ ಫಾಂಟಿನ ಪ್ಯಾಕೇಜ್ ಹಳತಾಗಿದೆ, ಹೊಸದು ಹಾಕಿಕೊಳ್ಳಿ ಎಂದಿತ್ತು. ಎರಡನೇ ಸಾಲು ಓದಿದಳು, ಮೂರನೆಯದನ್ನೂ ಓದಿದಳು. ಆಮೇಲೆ ಅವಳಿಗೆ ನಗು ಬಂತು.

“ಅರೇ, ಎಲ್ಲಾ ಸೇಮ್ ಇದೆ.”

“ಹೌದು. ನಿನಗೆ ಬೇಕಾದ ಪ್ಯಾಕೇಜುಗಳಿಗೆಲ್ಲ ಆ ಹಳೇ ಫಾಂಟೇ ಬೇಕು. ಒಂದೊಂದನ್ನು ತರುವಾಗಲೂ ಇದು ಅದನ್ನೇ ಹೇಳ್ತದೆ.”

“ಹಾಗಾದ್ರೆ ಹಾಳಾಗಿಲ್ವಾ?”

“ಇಲ್ಲ. ಹಳದಿ ಅಂದ್ರೆ ಬರೀ ಎಚ್ಚರಿಕೆ. ಕೊನೆಯದ್ದು ಬಿಟ್ಟು ಇನ್ನೊಂದು ಕೆಂಪು ಎಲ್ಲಿ ಉಂಟು ಹುಡುಕು.”

ಪ್ರೇಕ್ಷಾ ಒಂದೊಂದೇ ಸಾಲು ನೋಡುತ್ತ ಪರದೆಯಲ್ಲಿ ನಿಧಾನವಾಗಿ ಕೆಳಗಿಳಿದಳು. ಮತ್ತೆ ಫಾಂಟ್, ಮತ್ತೆ ಫಾಂಟ್. ನಡುವೆ ಒಂದೇ ಒಂದು ಹಳದಿ ಸಾಲು ಬೇರೆಯಿತ್ತು, ಅದು ಚಿತ್ರದ ಪ್ಯಾಕೇಜ್ ಹಳತಾಗಿದೆ ಎನ್ನುತ್ತಿತ್ತು. ಅದರಾಚೆ, ಹಳದಿ ಸಾಲುಗಳ ಸಂದಿಯಲ್ಲಿ ಒಂದು ಕೆಂಪು ಸಾಲು ಸಿಕ್ಕಿಕೊಂಡಿತ್ತು. ಆ ಹೆಸರಿನ ಪ್ಯಾಕೇಜೇ ಇಲ್ಲ ಎಂದು ಅದು ಹೇಳುತ್ತಿತ್ತು.

“ಅಯ್ಯೋ, ‘ಸೌಂಡ್’ ಅಂತ ಟೈಪ್ ಮಾಡುವಾಗ ಒಂದು ಅಕ್ಷರ ಬಿಟ್ಟಿದ್ದೇನೆ.”

ಅಕ್ಷರ ಸೇರಿಸಿ ಎಂಟರ್ ಒತ್ತಿದಳು. ಮತ್ತೆ ಹಳದಿ ಸಾಲುಗಳ ಮೆರವಣಿಗೆ ಹೊರಟಿತು. ಆದರೆ ಈ ಸಲ ಕೊನೆಯಲ್ಲಿ ಹಸಿರು ಅಕ್ಷರ ಬಂತು. ಆಟ ಶುರುಮಾಡಿ ಉತ್ತರ ಒತ್ತಿದಳು.

“ಮುಂದಿನ ನಿಲ್ದಾಣ ತುರ್ಭೆ” ಎಂದು ಲ್ಯಾಪ್‌ಟಾಪಿನಿಂದ ಅವಳ ದನಿ ಸ್ಟೇಷನ್ನಿನ ಮೈಕಿನಂತೆ ಮೊಳಗಿತು.

“ಯಾರು ಬಂದದ್ದು?” ಎಂದು ಅಮ್ಮ ಒಳಗಿನಿಂದ ಕೇಳಿದರು.

ಊಟ ಮುಗಿದ ಮೇಲೆ ಅತ್ತೆ ಬೆಂಗಳೂರಿನಲ್ಲಿದ್ದ ಕಶ್ಯಪನಿಗೆ ವಿಡಿಯೋ ಕಾಲ್ ಮಾಡಿದರು. ಅವರ ಟೀಮಿನಲ್ಲಿ ಏನು ಬದಲಾಯಿಸುವುದಿದ್ದರೂ ಅವನು ಒಪ್ಪಬೇಕಿತ್ತು. ಒಂದೇ ಎಚ್ಚರಿಕೆಯನ್ನು ಒಂದೇ ಸಲ ತೋರಿಸಿದರೆ ಸಾಕೆಂದು ಅತ್ತೆ ಹಿಂದೆಯೇ ಹೇಳಿದ್ದರು. ಕಶ್ಯಪ ಒಪ್ಪಿರಲಿಲ್ಲ.

“ಇಷ್ಟು ಸಲ ಹೇಳಿದ್ರೇ ಜನ ಕೇಳಲ್ಲ ಮೋಹಿನಿ. ಒಂದೇ ಸಲ ಹೇಳಿದ್ರೆ ಯಾರು ಓದ್ತಾರೆ?” ಎಂದ ಕಶ್ಯಪ.

ಅತ್ತೆ ಫೋನನ್ನು ಪ್ರೇಕ್ಷಾಳ ಕಡೆ ತಿರುಗಿಸಿದರು.

ಅವಳಿಗೆ ನಾಚಿಕೆಯಾಯಿತು. ಆದರೂ ಹೇಳಿದಳು. “ಅಂಕಲ್, ತುಂಬಾ ಇತ್ತಲ್ವಾ, ಅದಕ್ಕೇ ನಾನು ಒಂದೂ ಓದಿಲ್ಲ. ಹೆದರಿಕೆ ಆಗಿ ಬಂದ್ ಮಾಡ್ಬಿಟ್ಟೆ.”

ಕಶ್ಯಪ ಪರದೆಯ ಹತ್ತಿರ ಬಗ್ಗಿದ. “ಬಂದ್ ಮಾಡ್ಬಿಟ್ಟೆಯಾ? ಸರಿ ಮೋಹಿನಿ. ಮಾಡಿ ಕಳ್ಸಿ, ನೋಡೋಣ.”

ಮರುದಿನ ಅತ್ತೆ ತಮ್ಮ ಲ್ಯಾಪ್‌ಟಾಪ್ ಹಿಡಿದೇ ಕೋಪರಖೈರಣೆಯ ಪ್ರೇಕ್ಷಾಳ ಮನೆಗೆ ಬಂದರು. ತಿದ್ದಿದ ಪ್ಯಾಕೇಜ್ ಮ್ಯಾನೇಜರ್ ಅದರಲ್ಲಿತ್ತು. ಪ್ರೇಕ್ಷಾಳ ಆಟದ ಪ್ಯಾಕೇಜುಗಳನ್ನು ಅದರಲ್ಲಿ ಹಾಕಿ ನೋಡಿದರು. ಬಂದದ್ದು ಒಂದೇ ಒಂದು ಹಳದಿ ಸಾಲು.

“ಚಂದ ಉಂಟಲ್ಲ?” ಅತ್ತೆ ಬೀಗಿದರು.

ಪ್ರೇಕ್ಷಾ ಆ ಸಾಲನ್ನು ಎರಡು ಸಲ ಓದಿದಳು. “ಅತ್ತೆ, ಇದು ಫಾಂಟಿನದ್ದು. ಚಿತ್ರದ್ದು ಎಲ್ಲಿ ಹೋಯ್ತು?”

“ಯಾವ ಚಿತ್ರದ್ದು?”

“ನಿನ್ನೆ ನಡುವಲ್ಲಿ ಒಂದಿತ್ತಲ್ಲ. ಅದು ಬೇರೆ.”

ಅತ್ತೆ ತಾವು ಬರೆದದ್ದನ್ನು ಮತ್ತೆ ತೆರೆದು ನೋಡಿ ಹಣೆ ಚಚ್ಚಿಕೊಂಡರು. ಎರಡು ಎಚ್ಚರಿಕೆಗಳೂ ಒಂದೇ ರೀತಿ ಶುರುವಾಗುತ್ತಿದ್ದವು. ಶುರುವಿನ ಮಾತಷ್ಟನ್ನೇ ನೋಡಿ ಎರಡೂ ಒಂದೇ ಎಂದುಕೊಂಡ ಸಾಫ್ಟ್‌ವೇರ್, ಎರಡನೆಯದನ್ನು ನುಂಗಿಬಿಟ್ಟಿತ್ತು.

“ನೀನು ನೋಡದಿದ್ರೆ ಇದು ಹೀಗೇ ಹೋಗ್ತಿತ್ತು” ಎಂದು ಅತ್ತೆ ಅಲ್ಲೇ ಕೂತು ತಿದ್ದಿದರು. ಆಮೇಲೆ ಎರಡು ಸಾಲು ಬಂದವು.

ಸೋಮವಾರ ಪ್ರದರ್ಶನದಲ್ಲಿ ಟ್ರೈನ್ ಆಟದ ಮುಂದೆ ದೊಡ್ಡ ಲೈನ್ ನಿಂತಿತು. ಕನ್ನಡ ಬಾರದ ಹುಡುಗರೂ ದಿನವಿಡೀ “ಮುಂದಿನ ನಿಲ್ದಾಣ” ಎಂದು ಕೂಗುತ್ತ ತಿರುಗಿದರು.

ಕೆಲವು ವಾರಗಳ ನಂತರ ಹೊಸ ಪ್ಯಾಕೇಜ್ ಮ್ಯಾನೇಜರ್ ಶಾಲೆಯ ಲ್ಯಾಬಿಗೂ ಬಂತು. ಪಕ್ಕದಲ್ಲಿ ಕೂತ ಪೂಜಿತಾ ತನ್ನ ಪ್ರಾಜೆಕ್ಟಿಗೆ ಏನನ್ನೋ ಇನ್‌ಸ್ಟಾಲ್ ಮಾಡಲು ಎಂಟರ್ ಒತ್ತಿದಳು. ಪ್ರೇಕ್ಷಾ ಉಸಿರು ಹಿಡಿದು ನೋಡಿದಳು. ಪರದೆಯಲ್ಲಿ ಎರಡೇ ಹಳದಿ ಸಾಲು.

ಪೂಜಿತಾ ಎರಡನ್ನೂ ಓದಿದಳು. “ಫಾಂಟ್ ಓಲ್ಡ್ ಇದೆಯಂತೆ. ಆಮೇಲೆ ಮಾಡ್ತೀನಿ. ಏ, ಇವತ್ತು ಟಿಫಿನ್‌ಗೆ ಏನು ತಂದಿದ್ದೀ?”

ಇಲ್ಲಿ ಮೊದಲು ಏನೇನಾಗುತ್ತಿತ್ತು ಗೊತ್ತಾ ಎಂದು ಕೇಳಲು ಪ್ರೇಕ್ಷಾ ಬಾಯಿ ತೆರೆದಳು. ಪೂಜಿತಾಳ ಮುಖ ನೋಡಿದಳು. ಅದರಲ್ಲಿ ಗಾಬರಿಯೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

“ಇಡ್ಲಿ” ಎಂದಳು ಪ್ರೇಕ್ಷಾ. ಅವಳ ಮುಖದ ತುಂಬ ನಗು. ಇಡ್ಲಿಗೆ ಇಷ್ಟು ಖುಷಿ ಯಾಕೆಂದು ಪೂಜಿತಾಳಿಗೆ ತಿಳಿಯಲಿಲ್ಲ.