ಕೋಲ್ಡ್ ರೂಮಿನಲ್ಲಿ ಜ್ವರ

ಕೋಲ್ಡ್ ರೂಮಿನ ಭಾರದ ಬಾಗಿಲು ಎಳೆದವನ ಎದೆ ಧಸಕ್ಕೆಂದಿತು!

ಒಳಗೆ, ಬಾಟಲಿಗಳ ಕಪಾಟುಗಳ ನಡುವೆ, ಸ್ಟೂಲಿನ ಮೇಲೆ ಹೊಟ್ಟೆ ತಬ್ಬಿಕೊಂಡು ಅವನ ಹೆಂಡತಿ ಕೂತಿದ್ದಳು. ಐದು ತಿಂಗಳ ಬಸುರಿ! ಹಲ್ಲು ಕಟಕಟ ಅನ್ನುತ್ತಿತ್ತು, ಕೆನ್ನೆ ಮಾತ್ರ ಕೆಂಪಗೆ ಕಾದಿತ್ತು.

"ನೀನಾ?!"

"ನೀವಾ...?"

ಹನ್ನೊಂದು ದಿನಗಳ ನಂತರ ಗಂಡ ಹೆಂಡತಿ ಮುಖಾಮುಖಿಯಾದದ್ದು ಹೀಗೆ.

ಅವನು ಫ್ರಿಜ್ ರಿಪೇರಿಯವನು. ಈ ಸಂಶೋಧನಾಲಯದ ಕೋಲ್ಡ್ ರೂಮ್ ಯಾವಾಗಲೂ ನಾಲ್ಕು ಡಿಗ್ರಿಯಲ್ಲೇ ಇರಬೇಕು. ಬೆಳಗಿನಿಂದ ಮೂರು ಸಲ ಅಲಾರಂ ಹೊಡೆದಿದೆ ಎಂದು ಫೋನ್ ಬಂದಿತ್ತು. ಯಾರೋ ಪದೇ ಪದೇ ಬಾಗಿಲು ತೆಗೆಯುತ್ತಿರಬೇಕು ಎಂದುಕೊಂಡೇ ಬಂದಿದ್ದ. ಆ ಯಾರೋ ತನ್ನವಳೇ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಮೂರು ವರ್ಷಗಳ ಹಿಂದೆ, ಚೆನ್ನಾಗಿಯೇ ಓಡುತ್ತಿದ್ದ ಇದೇ ಮೆಷಿನನ್ನು ನಾಲ್ಕು ಸಲ 'ರಿಪೇರಿ' ಮಾಡಲು ಬಂದು, ಇಲ್ಲೇ ಕೆಲಸ ಮಾಡುವ ಅವಳ ಮನಸ್ಸನ್ನು ಇದೇ ಕಾರಿಡಾರಿನಲ್ಲಿ ಗೆದ್ದಿದ್ದ ಪುಣ್ಯಾತ್ಮ ಅವನು!

"ಎದ್ದು ಹೊರಗೆ ಬಾ ಮೊದಲು!"

"ಮುಟ್ಟಬೇಡಿ ನನ್ನ..."

ಆ ಮಾತು ಅವನಿಗೆ ಚುರ್ರೆಂದಿತು. ಹನ್ನೊಂದು ದಿನಗಳ ಹಿಂದೆಯೂ ಹೀಗೇ ಆಗಿತ್ತು. ಫ್ಲೂ ಬಂದು ಮೈ ಕೆಂಡವಾಗಿ ಅವನು ಹಾಸಿಗೆ ಹಿಡಿದಿದ್ದ. ಇವಳು ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಎರಡು ಜೊತೆ ಬಟ್ಟೆ ಚೀಲಕ್ಕೆ ತುರುಕಿ, ಅಕ್ಕನ ಮನೆಗೆ ಹೊರಟೇಬಿಟ್ಟಳು. ಯಾಕೆ ಅಂದರೆ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಫೋನಿನಲ್ಲಿ ಒಂದೇ ಪಾಠ: "ಚೆನ್ನಾಗಿದೀನಿ. ಬರಬೇಡಿ."

'ಓದಿದವಳಿಗೆ ಈ ಮೆಕ್ಯಾನಿಕ್ ಸಾಕಾಗಿ ಹೋದನೇನೋ...' ಎಂದು ಅವನು ಒಳಗೊಳಗೇ ಕೊರಗಿ ಸವೆದಿದ್ದ.

ಪಾಪ, ಅವನಿಗೇನು ಗೊತ್ತು!

ಅವಳ ಕೆಲಸ ಮೈಕ್ರೋಸ್ಕೋಪಿನ ಮುಂದೆ. ಬಸುರಿ ಇಲಿಗೆ ಸೋಂಕು ತಗುಲಿದಂತೆ ಮಾಡಿದರೆ ಅದರ ಮೈಯಲ್ಲಿ ಉರಿಯೂತ ಏಳುತ್ತದೆ. ಅದರ ಬಿಸಿ ಹೊಟ್ಟೆಯೊಳಗಿನ ಮರಿಯ ಮೆದುಳನ್ನೂ ತಟ್ಟುತ್ತದೆ. ಮೆದುಳನ್ನು ಕಾಯಬೇಕಾದ ಜೀವಕಣಗಳೇ ಕೆರಳಿ ಊದಿಕೊಂಡು, ಬೆಳೆಯುತ್ತಿರುವ ನರದ ಎಳೆಗಳನ್ನು ಹಾಳು ಮಾಡುತ್ತವೆ. ಆ ಕೆರಳಿದ ಕಣಗಳನ್ನು ಗಾಜಿನ ಸ್ಲೈಡಿನ ಮೇಲೆ ಒಂದೊಂದಾಗಿ ಎಣಿಸುವವಳು ಅವಳು. ತಾನೇ ಬಸುರಿಯಾದ ಮೇಲೆ ಎಣಿಸಲು ಕೂತರೆ ಕಣ್ಣು ಮಂಜಾಗುತ್ತಿತ್ತು.

'ನನಗೂ ಜ್ವರ ಬಂದುಬಿಟ್ಟರೆ...?'

ಬಂದೇಬಿಟ್ಟಿತ್ತು. ನಿನ್ನೆಯಿಂದ.

"ಮಾತ್ರೆ ತಗೊಂಡ್ಯಾ?"

ಅವಳು ತಲೆ ಅಲ್ಲಾಡಿಸಿದಳು. "ಮಾತ್ರೆಯಿಂದ ಪಾಪುಗೆ ಏನಾದ್ರೂ ಆದ್ರೆ? ಅದಕ್ಕೇ... ಇಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಕೂತ್ರೆ ಜ್ವರ ಇಳಿಯುತ್ತೇನೋ ಅಂತ..."

"ತಲೆ ಕೆಟ್ಟಿದೆಯಾ ನಿಂಗೆ? ನೀನೇನು ಔಷಧಿ ಬಾಟಲಿನಾ, ನಾಲ್ಕು ಡಿಗ್ರಿಲಿ ಇಟ್ರೆ ಕೆಡದೇ ಇರೋಕೆ!"

ಬೈಯುತ್ತಲೇ ತನ್ನ ಜಾಕೆಟ್ ಬಿಚ್ಚಿ ಅವಳಿಗೆ ಹೊದಿಸಿ, ಹೆಚ್ಚುಕಡಿಮೆ ಎತ್ತಿಕೊಂಡೇ ವ್ಯಾನಿಗೆ ನಡೆದ. ಆಸ್ಪತ್ರೆ ತಲುಪುವವರೆಗೂ ಅವಳಿಗೆ ಒಂದೇ ಯೋಚನೆ. ಬೆಳಗಿನಿಂದ ಮಗು ಎಷ್ಟು ಸಲ ಮಿಸುಕಿತು? ಮಿಸುಕಿತಾ?

ಡಾಕ್ಟರಮ್ಮ ಖಡಕ್ ಹೆಂಗಸು. ರಕ್ತ, ಮೂತ್ರ ಪರೀಕ್ಷೆಯ ರಿಪೋರ್ಟ್ ನೋಡಿ ಕನ್ನಡಕ ಮೇಲೇರಿಸಿದರು.

"ಯೂರಿನ್ ಇನ್‌ಫೆಕ್ಷನ್ ಇದು. ನಿಮ್ಮ ಯಜಮಾನರ ಫ್ಲೂಗೂ ಇದಕ್ಕೂ ಸಂಬಂಧ ಇಲ್ಲ. ಬಸುರಿಯರಿಗೆ ಕೊಡಬಹುದಾದ ಮಾತ್ರೆಗಳೇ ಇವೆಯಲ್ಲಮ್ಮ! ಜ್ವರಾನ ಹಾಗೇ ಬಿಡೋದೇ ಮಗುಗೆ ಕೆಟ್ಟದ್ದು. ಅಷ್ಟು ಓದಿದವರು ನೀವು... ಒಂದು ಫೋನ್ ಮಾಡಕ್ಕಾಗಲಿಲ್ವಾ?"

ಪುಟ್ಟ ಎದೆಯ ಬಡಿತ ಯಂತ್ರದಲ್ಲಿ ಟಪಟಪ ಕೇಳಿದಾಗ ಅವಳಿಗೆ ಉಸಿರು ಬಂತು. ಆದರೂ ಕೇಳದೇ ಇರಲಾಗಲಿಲ್ಲ.

"ಮೆದುಳು... ಡಾಕ್ಟರ್? ನಮ್ಮ ಲ್ಯಾಬಿನ ಇಲಿಗಳಲ್ಲಿ..."

ಡಾಕ್ಟರಮ್ಮ ಕನ್ನಡಕ ತೆಗೆದು ಅವಳತ್ತ ತಿರುಗಿದರು.

"ಇಲಿ ಬೇರೆ, ನೀವು ಬೇರೆ. ಜ್ವರ ಬಂದ ತಾಯಂದಿರ ಮಕ್ಕಳು ಬಹುಪಾಲು ಚೆನ್ನಾಗೇ ಇರ್ತಾರೆ. ಅಪಾಯ ಸ್ವಲ್ಪ ಹೆಚ್ಚಾಗಬಹುದು, ಅದಕ್ಕೇ ಬೇಗ ಗುಣ ಮಾಡ್ಬೇಕು. ಸ್ಕ್ಯಾನ್ ಮಾಡ್ತಾ ಇರೋಣ. ಆದ್ರೆ ಗ್ಯಾರಂಟಿ ಅಂತ ಯಾವ ಡಾಕ್ಟರೂ ಬರ್ಕೊಡಲ್ಲಮ್ಮ."

ಡ್ರಿಪ್ ಹಾಕಿ ನರ್ಸ್ ಹೊರಟಮೇಲೆ ಅವನು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡ.

"ನಾನು ಬೇಡವಾಗಿ ನೀನು ಬಿಟ್ಟು ಹೋದೆ ಅಂದ್ಕೊಂಡಿದ್ದೆ..."

"ಅಯ್ಯೋ ರೀ! ನಿಮ್ಮ ಜ್ವರಕ್ಕೆ ಹೆದರಿ ಓಡಿದೆ. ಅಕ್ಕನ ಮನೇಲಿ ಒಂದು ರಾತ್ರಿನೂ ಸರಿಯಾಗಿ ನಿದ್ದೆ ಮಾಡಿಲ್ಲ. ಗಂಜಿ ಮಾಡಿಕೊಡೋರು ಯಾರು ನಿಮಗೆ ಅಂತ..."

"ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ನಾಳೆ ಮಗುಗೆ ಏನಾದ್ರೂ ಆದ್ರೆ, ನನ್ನ ಜ್ವರದಿಂದಾನೇ ಹೀಗಾಯ್ತು ಅಂತ ನೀವು ಜನ್ಮವಿಡೀ ಕೊರಗ್ತಿದ್ರಿ. ನನಗೆ ಗೊತ್ತಿಲ್ವಾ ನಿಮ್ಮ ಬುದ್ಧಿ?"

ಅವನು ತಲೆ ತಗ್ಗಿಸಿದ. ಅವಳು ಹೇಳಿದ್ದು ಸರಿಯೇ ಇತ್ತು.

"ಆ ಮೈಕ್ರೋಸ್ಕೋಪಿನಲ್ಲಿ ಏನು ಕಾಣುತ್ತೆ? ಎಲ್ಲಾ ಹೇಳು ನಂಗೆ."

"ಬೇಡ ರೀ..."

"ಹೇಳು. ನೀನೊಬ್ಬಳೇ ನೋಡ್ಕೊಂಡು ಕೂರಬೇಡ."

ಅವಳು ಹೇಳಿದಳು. ಊದಿದ ಕಣಗಳನ್ನು, ಕಡಿದುಹೋದ ಎಳೆಗಳನ್ನು, ತಾಯಿಯ ಹತ್ತಿರ ಸುಳಿಯದೆ ಮೂಲೆಯಲ್ಲಿ ಕೂರುವ ಮರಿಗಳನ್ನು... ಒಂದನ್ನೂ ಬಿಡದೆ ಹೇಳಿದಳು.

"ರೀ... ನಿಮಗೆ ಭಯ ಆಗಲ್ವಾ?"

"ನಂಗೂ ಭಯ ಕಣೇ. ತುಂಬಾ ಭಯ."

ಅಕ್ಕ, ಭಾವ, ಜೊತೆಗೆ ಕೆಲಸ ಮಾಡುವವರು, ಎಲ್ಲರೂ 'ಏನೂ ಆಗಲ್ಲ ಬಿಡು' ಎಂದವರೇ. ಹೆದರಿದ್ದೇನೆ ಎಂದವನು ಇವನೊಬ್ಬನೇ! ಅವಳು ಅವನ ಭುಜಕ್ಕೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅವನ ಕಣ್ಣೂ ಒದ್ದೆಯಾಯಿತು. ಭಯವೇನೂ ಹೋಗಲಿಲ್ಲ. ಇನ್ನು ನಾಲ್ಕು ತಿಂಗಳು, ಆಮೇಲೆ ಎಷ್ಟು ವರ್ಷವೋ, ಅದು ಇರುತ್ತದೆ.

"ಮಾತು ಬರದಿದ್ರೆ...? ನಡೆಯೋದು, ಓದೋದು ಎಲ್ಲಾ ನಿಧಾನ ಆದ್ರೆ...?"

"ನಿಧಾನಕ್ಕೇ ಬರಲಿ ಬಿಡು," ಅವನು ಅವಳ ಕೂದಲು ಸವರಿದ. "ಕಾಯೋಕೆ ಇಬ್ಬರಿದೀವಲ್ಲ."

"ಇಬ್ಬರೂ ತಾನೇ?"

"ಇಬ್ಬರೂ."